ಕಿಲ್ ಮಾಡಿದಷ್ಟೂ ಹುಟ್ಟುವ ಪ್ರೊಸೆಸ್‌ಗಳು

ಪ್ರಶ್ನೆ: ನಮ್ಮ ಕಾಲೇಜಿನ ಲಿನಕ್ಸ್ ಸರ್ವರ್‌ನಲ್ಲಿ, ಫೈಲುಗಳನ್ನು ಇನ್ನೊಂದು ಯಂತ್ರಕ್ಕೆ ನಕಲು ಮಾಡುವ ಸ್ಕ್ರಿಪ್ಟನ್ನು ಐದು ನಿಮಿಷಕ್ಕೊಮ್ಮೆ ಓಡುವಂತೆ ಇಟ್ಟಿದ್ದೇವೆ. ಕೆಲವು ದಿನ ಬೆಳಿಗ್ಗೆ ಬಂದು ನೋಡಿದರೆ ಅದರದೇ ನೂರಕ್ಕೂ ಹೆಚ್ಚು ಪ್ರತಿಗಳು ಓಡುತ್ತಿರುತ್ತವೆ. ಕಿಲ್ ಮಾಡಿದರೆ ಮತ್ತೆ ಬರುತ್ತವೆ. ಇದು ವೈರಸ್ಸೇ?

ಉತ್ತರ: ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ನೀವು ಬರೆಯದ ಸಾಲೇನಾದರೂ ಕಂಡರೆ ಮಾತು ಬೇರೆ. ಇಲ್ಲವಾದರೆ ವೈರಸ್ ಇರಲಿಕ್ಕಿಲ್ಲ. ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ: ಐದು ನಿಮಿಷ. ಶಾಲೆಯಲ್ಲಿ ಗಂಟೆ ಬಾರಿಸುವವರು ಪಾಠ ಮುಗಿಯಿತೇ ಎಂದು ಕೇಳಿಕೊಂಡು ಬಾರಿಸುವುದಿಲ್ಲವಲ್ಲ, ಹಾಗೆಯೇ ಕ್ರಾನ್ ಕೂಡ ಹಿಂದಿನ ಸುತ್ತು ಮುಗಿದಿದೆಯೇ ಎಂದು ನೋಡುವುದಿಲ್ಲ. ಸಂಜೆ ಆರಕ್ಕೆ ಒಂದು ಸುತ್ತು ಎಲ್ಲೋ ಸಿಕ್ಕಿಹಾಕಿಕೊಂಡಿತು ಎನ್ನಿ. ಆಮೇಲೆ ಬಂದವೂ ಅಲ್ಲೇ ಸಿಕ್ಕಿಕೊಳ್ಳುತ್ತವೆ; ಬೆಳಗಿನ ಆರರ ಹೊತ್ತಿಗೆ ಸುಮಾರು 144 ಪ್ರತಿಗಳು.

ಮುಂದಿನ ಸಲ ಕಿಲ್ ಮಾಡುವ ಮೊದಲು ದಯವಿಟ್ಟು ಒಂದು ನಿಮಿಷ ನಿಲ್ಲಿ, ಕೊಂದರೆ ಸಾಕ್ಷಿಯೂ ಹೋಗುತ್ತದೆ. ಪಿಎಸ್ ಆಜ್ಞೆ ಕೊಟ್ಟು ಪ್ರತಿಯೊಂದು ಪ್ರೊಸೆಸ್‌ನ ಸಂಖ್ಯೆ, ಅದನ್ನು ಹುಟ್ಟಿಸಿದ ಪ್ರೊಸೆಸ್‌ನ ಸಂಖ್ಯೆ, ಸ್ಥಿತಿ, ಶುರುವಾದ ಸಮಯ ಇಷ್ಟನ್ನೂ ಒಂದು ಫೈಲಿಗೆ ಉಳಿಸಿಕೊಳ್ಳಿ. ಸಮಯಗಳ ನಡುವೆ ಸರಿಯಾಗಿ ಐದೈದು ನಿಮಿಷದ ಅಂತರವಿದ್ದರೆ ಕ್ರಾನ್‌ನದೇ ಕೆಲಸ. ಎಲ್ಲವೂ ಒಂದೆರಡು ಸೆಕೆಂಡಿನೊಳಗೆ ಹುಟ್ಟಿದ್ದರೆ ಸ್ಕ್ರಿಪ್ಟ್ ತನ್ನನ್ನೇ ಕರೆದುಕೊಳ್ಳುತ್ತಿದೆಯೇ ನೋಡಿ. ಪ್ರತಿ ಸಲವೂ ಜೋಡಿಯಾಗಿ ಹುಟ್ಟಿದ್ದರೆ ಅದೇ ಸಾಲು ರೂಟ್‌ನ ಕ್ರಾನ್‌ಟ್ಯಾಬ್‌ನಲ್ಲೂ ನಿಮ್ಮದರಲ್ಲೂ ಇರಬಹುದು.

ಇವುಗಳಲ್ಲಿ ಎಲ್ಲಕ್ಕಿಂತ ಹಳೆಯ ಪ್ರತಿಯೇ ಮುಖ್ಯ. ಅದರ ಸ್ಥಿತಿಯ ಜಾಗದಲ್ಲಿ ‘ಡಿ’ ಎಂಬ ಅಕ್ಷರವಿದ್ದರೆ, ಡಿಸ್ಕಿನಿಂದಲೋ ನೆಟ್‌ವರ್ಕ್‌ನಿಂದಲೋ ಬರಬೇಕಾದ ಉತ್ತರಕ್ಕೆ ಅದು ಕರ್ನಲ್ ಒಳಗೇ ಕಾಯುತ್ತಿದೆ. ಆ ಇನ್ನೊಂದು ಯಂತ್ರದ ಡಿಸ್ಕನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಮ್) ಮೂಲಕ ಮೌಂಟ್ ಮಾಡಿಕೊಂಡಿದ್ದು, ರಾತ್ರಿ ಆ ಯಂತ್ರ ಆಫ್ ಆದರೆ ಹೀಗಾಗುತ್ತದೆ. ಲಿನಕ್ಸ್ ಇಂಥವನ್ನೂ ಲೋಡ್ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಟಾಪ್‌ನಲ್ಲಿ ಲೋಡ್ 140 ದಾಟಿದ್ದರೂ ಸಿಪಿಯು ಹೆಚ್ಚುಕಡಿಮೆ ಸುಮ್ಮನೆ ಕೂತಿರುವುದನ್ನು ಕಾಣಬಹುದು. ಈ ಸ್ಥಿತಿಯಲ್ಲಿ ಸಾಮಾನ್ಯ ಕಿಲ್‌ಗೆ ಬೆಲೆಯಿಲ್ಲ, ಕೆಲವೊಮ್ಮೆ 9ನೇ ಸಿಗ್ನಲ್‌ಗೂ ಇಲ್ಲ. ಆ ಯಂತ್ರವನ್ನು ಎಬ್ಬಿಸುವುದೇ ದಾರಿ.

ಕಿಲ್ ಮಾಡಿದರೂ ಮತ್ತೆ ಬರುವುದಕ್ಕೆ ಮೊದಲ ಕಾರಣ, ಕ್ರಾನ್ ತನ್ನ ಪಾಡಿಗೆ ಹೊಸದನ್ನು ಹುಟ್ಟಿಸುತ್ತಲೇ ಇರುವುದು. ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ: ನೀವು ಕೊಂದದ್ದು ಸ್ಕ್ರಿಪ್ಟನ್ನು, ಅದು ಶುರುಮಾಡಿದ, ನಕಲು ಮಾಡುವ ಆರ್‌ಸಿಂಕ್‌ನಂಥ ಆಜ್ಞೆ ಇನ್ನೂ ಬದುಕಿರುತ್ತದೆ. ಆದ್ದರಿಂದ ಮೊದಲು ಕ್ರಾನ್‌ಟ್ಯಾಬ್‌ನ ಆ ಸಾಲನ್ನು ತಡೆಯಿರಿ, ಆಮೇಲೆ ಮಕ್ಕಳ ಸಮೇತ ಎಲ್ಲಕ್ಕೂ 15ನೇ ಸಿಗ್ನಲ್ ಕೊಟ್ಟು ಕಾಯಿರಿ. 9 ಕೊನೆಯ ಅಸ್ತ್ರ. ಅದು ಪ್ರೊಸೆಸ್‌ಗೆ ತನ್ನ ಅರೆಬರೆ ಫೈಲುಗಳನ್ನು ಸರಿಪಡಿಸಿಕೊಳ್ಳಲು ಅವಕಾಶವನ್ನೇ ಕೊಡುವುದಿಲ್ಲ.

ಮುಂದೆ ಹೀಗಾಗದಿರಬೇಕಾದರೆ ಸ್ಕ್ರಿಪ್ಟೇ ಮೊದಲು ‘ನನ್ನ ಪ್ರತಿ ಆಗಲೇ ಓಡುತ್ತಿದೆಯೇ’ ಎಂದು ಕೇಳಿಕೊಳ್ಳಬೇಕು. ಇದು ಹಳೆಯ ಸಮಸ್ಯೆ. 1988ರ ನವೆಂಬರ್ 2ರಂದು ಕಾರ್ನೆಲ್‌ನ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಇಂಟರ್ನೆಟ್‌ಗೆ ಬಿಟ್ಟ ಹುಳು, ಅಂದರೆ ತಾನೇ ಹರಡುವ ಪ್ರೋಗ್ರಾಂ, ಹಾಗೆ ಕೇಳಿಕೊಳ್ಳುತ್ತಿತ್ತು. ಆದರೆ ಯಾರಾದರೂ ಸುಳ್ಳು ಉತ್ತರ ಕೊಟ್ಟು ತಡೆದಾರು ಎಂದು, ಏಳರಲ್ಲಿ ಒಂದು ಸಲ ಉತ್ತರ ಏನೇ ಬಂದರೂ ಓಡುವಂತೆ ಬರೆಯಲಾಗಿತ್ತು. ಒಂದೇ ಯಂತ್ರದಲ್ಲಿ ಪ್ರತಿಗಳು ಪೇರಿಸಿಕೊಂಡು ಯಂತ್ರಗಳು ಸೋತದ್ದು ಅದರಿಂದ.

ನಿಮ್ಮ ಸ್ಕ್ರಿಪ್ಟಿಗೆ, ಒಂದು ಫೈಲಿಗೆ ಬೀಗ ಹಾಕುವ ಎಫ್‌ಲಾಕ್ ಆಜ್ಞೆ ಸಾಕು; ಬೀಗ ಸಿಗದಿದ್ದರೆ ಕಾಯದೆ ಹೊರಬೀಳುವಂತೆ ‘-n’ ಆಯ್ಕೆ ಕೊಡಿ. ಪ್ರೊಸೆಸ್ ಸಂಖ್ಯೆಯನ್ನು ಬರೆದಿಡುವ ಪಿಐಡಿ ಫೈಲನ್ನು ನಾನು ಸಲಹೆ ಮಾಡುವುದಿಲ್ಲ. ಕರೆಂಟ್ ಹೋಗಿ ಬಂದರೆ ಹಳೆಯ ಸಂಖ್ಯೆ ಅದರಲ್ಲೇ ಉಳಿದಿರಬಹುದು, ಅಷ್ಟರಲ್ಲಿ ಆ ಸಂಖ್ಯೆ ಬೇರೆ ಪ್ರೊಸೆಸ್‌ನದಾಗಿರಬಹುದು. ಎಫ್‌ಲಾಕ್ ಹಾಕುವ ಬೀಗ ಕರ್ನಲ್ ಕೈಯಲ್ಲಿರುತ್ತದೆ. ಆ ಫೈಲನ್ನು ಹಿಡಿದಿರುವ ಪ್ರೊಸೆಸ್‌ಗಳೆಲ್ಲ ಸತ್ತರೆ ಬೀಗ ತಾನೇ ಬಿಡುತ್ತದೆ. ಬೀಗದ ಫೈಲನ್ನು ಎನ್‌ಎಫ್‌ಎಸ್ ಮೇಲೆ ಇಡದೆ ಸ್ಥಳೀಯ ಡಿಸ್ಕಿನಲ್ಲೇ ಇಡಿ. ಕ್ರಾನ್ ಬದಲು ಸಿಸ್ಟಮ್‌ಡಿ ಟೈಮರ್ ಬಳಸಿದರೆ ಈ ಬೀಗವೂ ಬೇಡ; ಹಿಂದಿನ ಸುತ್ತು ಇನ್ನೂ ನಡೆಯುತ್ತಿದ್ದರೆ ಅದು ಎರಡನೆಯದನ್ನು ಶುರುಮಾಡುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಬೀಗ ಹಾಕಿದ ಮೇಲೆ ಪ್ರತಿಗಳು ಪೇರಿಸಿಕೊಳ್ಳುವುದು ನಿಲ್ಲುತ್ತದೆ, ಆದರೆ ಸಿಕ್ಕಿಬಿದ್ದ ಒಂದೇ ಪ್ರತಿ ವಾರಗಟ್ಟಲೆ ಬೀಗ ಹಿಡಿದು ಕೂರಬಹುದು. ಲೋಡ್ ಏರುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ, ನಕಲು ಮಾತ್ರ ನಿಂತಿರುತ್ತದೆ. ನಕಲು ಸರಿಯಾಗಿ ಮುಗಿದಾಗಲೆಲ್ಲ ಸಮಯವನ್ನು ಒಂದು ಫೈಲಿಗೆ ಬರೆಸಿ. ಅದು ಒಂದು ಗಂಟೆಗಿಂತ ಹಳೆಯದಾದರೆ ಬೇರೊಂದು ಯಂತ್ರದಿಂದ ನಿಮಗೆ ಇಮೇಲ್ ಬರುವಂತೆ ಮಾಡಿಕೊಳ್ಳಿ.