ಉಂಡ ಹಾವನ್ನು ಮುಟ್ಟಬಾರದೇಕೆ?

ಊಟವಾದ ಮೇಲೆ ನೂರು ಹೆಜ್ಜೆ ನಡೆಯಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮನುಷ್ಯನಿಗೆ ಹಿತವಾದ ಈ ಮಾತು ಹಾವಿಗೆ ಹಿತವಲ್ಲ. ಉಂಡ ಹಾವು ಬೆಚ್ಚಗಿನ ಮರೆಯೊಂದನ್ನು ಹುಡುಕಿ, ಸುರುಳಿ ಸುತ್ತಿಕೊಂಡು, ದಿನಗಟ್ಟಲೆ ಅಲುಗಾಡದೆ ಮಲಗುತ್ತದೆ. ಆ ಹೊತ್ತಿನಲ್ಲಿ ಅದನ್ನು ಎತ್ತಿದರೆ ಅಥವಾ ಹೆದರಿಸಿದರೆ, ನುಂಗಿದ ಆಹಾರವನ್ನೆಲ್ಲ ಕಕ್ಕಿಬಿಡುವುದುಂಟು. ಅದರಿಂದ ಅದರ ಜೀವಕ್ಕೇ ಅಪಾಯ ಒದಗುವುದೂ ಉಂಟು. ಇದಕ್ಕೆ ಕಾರಣವೇನು, ಎಷ್ಟು ಕಾಲ ಕಾಯಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಹಾವನ್ನು ಮನೆಯಲ್ಲಿ ಸಾಕುವುದೆಂದರೆ ನಮಗೆ ವಿಚಿತ್ರವಾಗಿ ತೋರಬಹುದು. ಆದರೆ ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಇದೊಂದು ಪರಿಚಿತ ಹವ್ಯಾಸ. ಅಲ್ಲಿಯ ಸಾಕುಹಾವುಗಳಲ್ಲಿ ಬಹು ಜನಪ್ರಿಯವಾದುದು ಬಾಲ್ ಪೈಥಾನ್ ಎಂಬ ಸಣ್ಣ ಜಾತಿಯ ಹೆಬ್ಬಾವು. ಇದರ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕ. ಇದಕ್ಕೆ ವಿಷವಿಲ್ಲ. ಬೆಳೆದಾಗ ಸಾಮಾನ್ಯವಾಗಿ 3ರಿಂದ 5 ಅಡಿ ಉದ್ದವಿರುತ್ತದೆ. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಇದಕ್ಕೆ ಆ ಹೆಸರು. ಬೆಳೆದ ಹಾವಿಗೆ ಒಂದೆರಡು ವಾರಗಳಿಗೊಮ್ಮೆ ಒಂದು ಇಲಿ ಸಾಕು. ಆ ಇಲಿಯು ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಬಹಳ ದಪ್ಪವಿರಬಾರದೆಂಬುದು ಸಾಕುವವರ ರೂಢಿಯ ನಿಯಮ.

ಹಾವು ಅಗಿಯುವುದಿಲ್ಲ, ಇಡಿಯಾಗಿ ನುಂಗುತ್ತದೆ. ಅದರ ಕೆಳದವಡೆಯ ಎರಡು ಭಾಗಗಳು ಮುಂದುಗಡೆ ನಮ್ಮ ದವಡೆಯಂತೆ ಬೆಸೆದುಕೊಂಡಿಲ್ಲ. ಹಿಗ್ಗುವ ತಂತುವಿನಿಂದ ಕೂಡಿಕೊಂಡಿವೆ. ಹಲ್ಲುಗಳು ಹಿಂದಕ್ಕೆ ಬಾಗಿವೆ. ಒಮ್ಮೆ ಒಂದು ಬದಿಯ, ಮತ್ತೊಮ್ಮೆ ಇನ್ನೊಂದು ಬದಿಯ ದವಡೆಯನ್ನು ಮುಂದಕ್ಕೆ ಸರಿಸುತ್ತ ಅದು ಆಹಾರವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಕೂದಲು, ಮೂಳೆ, ಉಗುರುಗಳ ಸಮೇತ ಹೊಟ್ಟೆ ಸೇರಿದ ಇಲಿಯನ್ನು ಕರಗಿಸುವ ಕೆಲಸವೆಲ್ಲ ಜಠರದ ಪಾಲಿಗೆ ಬರುತ್ತದೆ.

ಈ ಕೆಲಸ ಎಷ್ಟು ಭಾರವಾದುದೆಂಬುದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. 1990ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಸೆಕೋರ್ ಮತ್ತು ಜೇರೆಡ್ ಡೈಮಂಡ್ ಎಂಬವರು ಬಾಲ್ ಪೈಥಾನಿನ ಹತ್ತಿರದ ಬಂಧುವಾದ ಬರ್ಮಾ ಹೆಬ್ಬಾವನ್ನು ಅಭ್ಯಾಸ ಮಾಡಿದರು. ತನ್ನ ತೂಕದ ಕಾಲುಭಾಗದಷ್ಟು ಆಹಾರವನ್ನು ನುಂಗಿದ ಹೆಬ್ಬಾವು, ವಿಶ್ರಾಂತಿಯಲ್ಲಿದ್ದಾಗ ಬಳಸುವುದಕ್ಕಿಂತ 15 ಪಟ್ಟಿಗೂ ಮಿಗಿಲಾದ ಆಮ್ಲಜನಕವನ್ನು ಬಳಸುವುದು ಕಂಡುಬಂದಿತು. ಒಂದೆರಡು ದಿನಗಳಲ್ಲಿ ಅದರ ಸಣ್ಣ ಕರುಳಿನ ತೂಕ ಸುಮಾರು ಇಮ್ಮಡಿಯಾಗುತ್ತದೆ. ಉಪವಾಸವಿರುವಾಗ ಆಮ್ಲವೇ ಇಲ್ಲದಂತಿರುವ ಜಠರವು ಒಂದು ದಿನದೊಳಗೆ ತೀವ್ರವಾದ ಆಮ್ಲದಿಂದ ತುಂಬುತ್ತದೆ. ಹೊರಗಿನಿಂದ ನೋಡಿದರೆ ಹಾವು ನಿದ್ರಿಸುತ್ತಿರುವಂತೆ ತೋರುತ್ತದೆ. ವಾಸ್ತವವಾಗಿ ಅದು ಓಡುವ ಕುದುರೆಯಷ್ಟು ದುಡಿಯುತ್ತಿರುತ್ತದೆಂದರೆ ಅತಿಶಯೋಕ್ತಿಯೇನೂ ಆಗಲಾರದು.

ಇನ್ನೊಂದು ಸಂಗತಿಯನ್ನೂ ನಾವು ಮರೆಯಬಾರದು. ಹಾವು ಶೀತರಕ್ತದ ಪ್ರಾಣಿ. ಮೈಗೆ ಬೇಕಾದ ಶಾಖವನ್ನು ಅದು ಹೊರಗಿನಿಂದಲೇ ಪಡೆಯಬೇಕು. ಆದುದರಿಂದಲೇ ಸಾಕುವವರು ಪೆಟ್ಟಿಗೆಯ ಒಂದು ಬದಿಯನ್ನು ಸುಮಾರು 32 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇರಿಸುತ್ತಾರೆ. ಶಾಖ ಕುಗ್ಗಿದರೆ ಜೀರ್ಣಕ್ರಿಯೆಯೂ ಕುಗ್ಗುತ್ತದೆ. ಹೊಟ್ಟೆಯೊಳಗಿನ ಇಲಿ ಕರಗುವುದಕ್ಕೆ ಮೊದಲೇ ಕೊಳೆಯತೊಡಗುತ್ತದೆ. ಉಂಡ ಹಾವನ್ನು ಬೆಚ್ಚಗಿನ ಸ್ಥಳದಿಂದ ತಣ್ಣನೆಯ ಕೋಣೆಗೆ ತಂದು ಆಡಿಸುವವರು ಈ ಅಪಾಯವನ್ನು ತಾವೇ ಆಹ್ವಾನಿಸುತ್ತಾರೆ.

ಕಾಡಿನಲ್ಲಿ ಹೊಟ್ಟೆ ತುಂಬಿದ ಹಾವು ಬೇಗನೆ ಓಡಲಾರದು. ಶತ್ರುವನ್ನು ಕಂಡಾಗ ಅದು ನುಂಗಿದುದನ್ನು ಕಕ್ಕಿ, ಮೈ ಹಗುರ ಮಾಡಿಕೊಂಡು ಪಾರಾಗುತ್ತದೆ. ನಮ್ಮ ಕೈ ಎಷ್ಟೇ ಪ್ರೀತಿಯದಾಗಿರಲಿ, ಹಾವಿಗೆ ಅದು ಶತ್ರುವಿನ ಹಿಡಿತದಂತೆಯೇ ತೋರಬಹುದು. ಹಾಗೆ ಕಕ್ಕಿದಾಗ ಆಹಾರದೊಂದಿಗೆ ಆಮ್ಲವೂ ಮೇಲಕ್ಕೆ ಬಂದು ಅನ್ನನಾಳವನ್ನು ಸುಡುತ್ತದೆ, ಮೈಯ ನೀರು ನಷ್ಟವಾಗುತ್ತದೆ, ಹಾವು ಬಳಲುತ್ತದೆ. ಮತ್ತೆ ಆಹಾರ ಕೊಡುವುದಕ್ಕೆ 10ರಿಂದ 14 ದಿನ ಕಾಯಬೇಕೆಂದೂ, ಆಗಲೂ ಚಿಕ್ಕ ತುತ್ತನ್ನೇ ಕೊಡಬೇಕೆಂದೂ ಅನುಭವಿಗಳು ಹೇಳುತ್ತಾರೆ. ಪದೇ ಪದೇ ಕಕ್ಕುವ ಹಾವು ಬದುಕುವುದು ಕಷ್ಟ.

ಹಾಗಾದರೆ ಎಷ್ಟು ಕಾಲ ಕಾಯಬೇಕು? ಕಡಮೆಯೆಂದರೆ 48 ಗಂಟೆಗಳು. ಇದು ಸಾಕುವವರೆಲ್ಲರೂ ಒಪ್ಪಿದ ಸಾಮಾನ್ಯ ನಿಯಮ. ಆದರೆ ಗಡಿಯಾರಕ್ಕಿಂತ ಹಾವಿನ ಮೈಯನ್ನು ನೋಡುವುದು ಲೇಸು. ಹೊಟ್ಟೆಯ ಉಬ್ಬು ಇನ್ನೂ ಎದ್ದು ಕಾಣುತ್ತಿದ್ದರೆ ಮೂರು ನಾಲ್ಕು ದಿನ, ಅಗತ್ಯವಾದರೆ ಅದಕ್ಕಿಂತಲೂ ಹೆಚ್ಚು ಕಾಯಬೇಕು. ಉಬ್ಬು ಇಳಿದ ಮೇಲೆಯೂ ಮೊದಲ ದಿನ ಕೆಲವು ನಿಮಿಷಗಳು ಮಾತ್ರ, ಮೈಗೆ ಕೆಳಗಿನಿಂದ ಆಸರೆ ಕೊಟ್ಟು, ಹೊಟ್ಟೆಯನ್ನು ಒತ್ತದೆ ಎತ್ತಬೇಕು. ಇಲಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಹಾವಿನ ಬಳಿಗೆ ಒಯ್ಯಬಾರದು. ವಾಸನೆಯನ್ನೂ ಶಾಖವನ್ನೂ ಅರಿತು ಬೇಟೆಯಾಡುವ ಹಾವು ಕೈಯನ್ನೇ ಆಹಾರವೆಂದು ತಿಳಿದು ಕಚ್ಚೀತು. ಪೊರೆ ಬಿಡುವ ಮುನ್ನ ಕಣ್ಣು ಮಂಜಾದಾಗಲೂ ಅದನ್ನು ಎತ್ತದಿರುವುದು ಒಳ್ಳೆಯದು.

ಇದನ್ನೋದಿ ಹಾವು ಸಾಕುವ ಆಸೆ ಯಾರಿಗಾದರೂ ಹುಟ್ಟಿದರೆ ಅವರು ಒಂದು ಮಾತನ್ನು ನೆನಪಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ರಕ್ಷಿತವಾಗಿರುವ ನಮ್ಮ ದೇಶದ ನಾಗರಹಾವು, ಹೆಬ್ಬಾವು, ಕೇರೆಹಾವುಗಳನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅವುಗಳನ್ನು ನೋಡಬೇಕೆಂದರೆ ಪುಣೆಯ ಕಾತ್ರಜದಲ್ಲಿಯೂ ಚೆನ್ನೈನ ಗಿಂಡಿಯಲ್ಲಿಯೂ ಸರ್ಪೋದ್ಯಾನಗಳಿವೆ. ಅಲ್ಲಿ ಗಾಜಿನ ಹಿಂದೆ ಹಾವೊಂದು ಕದಲದೆ ಮಲಗಿದ್ದರೆ, ಅದನ್ನು ಎಬ್ಬಿಸಲು ಗಾಜನ್ನು ತಟ್ಟುವವರನ್ನು ನಾವು ಅನೇಕ ಸಲ ಕಾಣುತ್ತೇವೆ. ಆ ಹಾವು ಸೋಮಾರಿಯಲ್ಲ. ಬಹುಶಃ ಉಂಡು ಮಲಗಿದೆ. ಉಣ್ಣುವವರನ್ನು ಎಬ್ಬಿಸಬಾರದೆಂಬ ಮರ್ಯಾದೆ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಹಾವಿನ ಊಟ ನುಂಗುವುದರೊಂದಿಗೆ ಮುಗಿಯುವುದಿಲ್ಲ, ಅಲ್ಲಿಂದ ಮೊದಲಾಗುತ್ತದೆ ಎಂಬುದನ್ನು ತಿಳಿದರೆ, ಅದೇ ಮರ್ಯಾದೆಯನ್ನು ಅದಕ್ಕೂ ಸಲ್ಲಿಸುವುದು ನಮಗೆ ಕಷ್ಟವಾಗಲಾರದು.