ಮನೆಯನ್ನು ಕೊನೆಗೆ ನೋಡಿ

ತೆಲಂಗಾಣದ ಗದ್ವಾಲ, ಮಾನೋಪಾಡು, ಮಕ್ತಲ್ ಕಡೆ ಬಾಡಿಗೆ ಮನೆಗಳನ್ನು ಕೊಡಿಸುತ್ತ, ನೋಡಿಕೊಳ್ಳುತ್ತ ಕಲಿತದ್ದಿಷ್ಟು; ಬಾಡಿಗೆಗೆ ಕೊಡಲೆಂದು ಮನೆ ಕೊಳ್ಳುವವರಿಗಾಗಿ.

1. ಮೊದಲು ಬಾಡಿಗೆದಾರ ಯಾರೆಂದು ನೋಡಿ. ಇಲ್ಲಿ ಬರುವವರು ಮೇಷ್ಟ್ರುಗಳು, ಬ್ಯಾಂಕಿನವರು, ಹತ್ತಿ ಬೀಜದ ಕಂಪನಿಯವರು. ಅವರು ಕೇಳುವುದು ನೀರು, ಬಸ್ಸು, ಗಾಡಿ ನಿಲ್ಲಿಸಲು ಜಾಗ. ನೆಲಕ್ಕೆ ಗ್ರಾನೈಟ್ ಹಾಕಿಸಿದ ಮಾತ್ರಕ್ಕೆ ಬಾಡಿಗೆ ಏರುವುದಿಲ್ಲ.

2. ಆಮೇಲೆ ಲೆಕ್ಕ. 20 ಲಕ್ಷದ ಮನೆ, ತಿಂಗಳಿಗೆ 6,000 ಬಾಡಿಗೆ ಎಂದುಕೊಳ್ಳಿ. ವರ್ಷಕ್ಕೆ 72,000. ಎರಡು ತಿಂಗಳು ಖಾಲಿ, ರಿಪೇರಿ, ಮನೆ ತೆರಿಗೆ ಕಳೆದರೆ 50,000 ಕೈಗೆ ಬಂದೀತು. ತೆಲಂಗಾಣದಲ್ಲಿ ನೋಂದಣಿ ಖರ್ಚು ಸುಮಾರು ಶೇ. 7.5, ಅಂದರೆ ಒಂದೂವರೆ ಲಕ್ಷ. ಮೂರು ವರ್ಷದ ಆದಾಯ ನೋಂದಣಿಯ ದಿನವೇ ಹೋಯಿತು. ವ್ಯಾಪಾರ ಕುದುರಿಸುವಾಗ ಇದು ನೆನಪಿರಲಿ.

3. ರಾಯಚೂರಿನಿಂದ ಬಂದವರು ಚದರಡಿಯಲ್ಲಿ ಯೋಚಿಸುತ್ತಾರೆ, ಇಲ್ಲಿ ಮಾತೆಲ್ಲ ಗಜದಲ್ಲಿ. ಒಂದು ಗಜಕ್ಕೆ 9 ಚದರಡಿ. 30×40 ಸೈಟೆಂದರೆ 133 ಗಜ. ಟೇಪು ಹಿಡಿದು ನೀವೇ ಅಳೆಯಿರಿ.

4. ಊರೊಳಗಿನ ಗ್ರಾಮಕಂಠದ ಮನೆಗೆ ಪಹಣಿ ಇರುವುದಿಲ್ಲ. ಪಂಚಾಯ್ತಿಯ ಮನೆ ನಂಬರು, ತೆರಿಗೆ ರಸೀದಿ, ಪತ್ರದ ಚಕ್ಕುಬಂದಿ ಮೂರೂ ತಾಳೆಯಾಗಬೇಕು. ಹೊಲ ಒಡೆದು ಮಾಡಿದ ಸೈಟಾದರೆ ಲೇಔಟ್ ಮಂಜೂರಾತಿ ಕೇಳಿ. 2020ರ ಆಗಸ್ಟ್‌ನಲ್ಲಿ ಸರ್ಕಾರ ಅನಧಿಕೃತ ಲೇಔಟಿನ ಸೈಟುಗಳ ನೋಂದಣಿಗೆ ತಡೆ ಹಾಕಿತು. ಬಡವರಿಗೆ ಸರ್ಕಾರ ಕೊಟ್ಟ ಅಸೈನ್ಡ್ ಭೂಮಿಯ ಮಾರಾಟಕ್ಕೆ 1977ರ ಕಾಯ್ದೆ ಅಡ್ಡಿ. ಎಷ್ಟು ಅಗ್ಗವಾದರೂ ಮುಟ್ಟಬೇಡಿ.

5. 2009ರ ಅಕ್ಟೋಬರಿನಲ್ಲಿ ಕೃಷ್ಣಾ, ತುಂಗಭದ್ರೆ ಎರಡೂ ಉಕ್ಕಿದವು. ಹೊಳೆಯ ಕಡೆಯ ಊರಾದರೆ ಮಾರುವವರನ್ನು ಬಿಟ್ಟು ಪಕ್ಕದ ಮನೆಯ ಅಜ್ಜಿಯನ್ನು ಕೇಳಿ: ‘ಅವತ್ತು ನೀರು ಎಲ್ಲೀತನ ಬಂದಿತ್ತವ್ವಾ?’ ಗೋಡೆ ಮುಟ್ಟಿ ತೋರಿಸುತ್ತಾಳೆ.

6. ಈಗ ಮನೆ ನೋಡಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಆಳವಿಲ್ಲದಿದ್ದರೆ ಗೋಡೆಯೂ ಬಿರಿಯುತ್ತದೆ. ಕೂದಲೆಳೆಯ ಬಿರುಕು ಗಿಲಾವಿನದ್ದಿರಬಹುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದು, ಒಳಗೂ ಹೊರಗೂ ಒಂದೇ ಕಡೆ ಕಾಣುವ ಬಿರುಕು ತಳದ್ದು. ಬಾಗಿಲುಗಳನ್ನು ಹಾಕಿ ತೆಗೆಯಿರಿ; ಚೌಕಟ್ಟು ಕಚ್ಚಿದರೆ ಗೋಡೆ ಜರುಗಿದೆ. ಹೊಸ ಸುಣ್ಣ ಬಣ್ಣ ಒಂದೇ ಕೋಣೆಗೆ ಬಳಿದಿದ್ದರೆ ಆ ಕೋಣೆಯಲ್ಲೇ ಹೆಚ್ಚು ಹೊತ್ತು ನಿಲ್ಲಿ. ಬಂಡೆ ಹಾಸಿದ ಮಾಳಿಗೆಯನ್ನು ಮಳೆ ಬಿದ್ದ ಮರುದಿನ ನೋಡಬೇಕು.

7. ಕರಾರು 11 ತಿಂಗಳಿಗೆ ಬರೆಸುವುದು ರೂಢಿ. ಆದರೆ ತೆಲಂಗಾಣದಲ್ಲಿ ಅವಧಿ ಎಷ್ಟೇ ಇದ್ದರೂ ಕರಾರಿನ ನೋಂದಣಿ ಕಡ್ಡಾಯ. ಅಡ್ವಾನ್ಸು, ಮೀಟರ್ ರೀಡಿಂಗು, ಫ್ಯಾನು, ನಲ್ಲಿಗಳ ಪಟ್ಟಿ ಅದರಲ್ಲೇ ಇರಲಿ.

8. ಮೋಟಾರು ಕೆಟ್ಟರೆ ಅಂದೇ ಆಳು ಕಳಿಸಿ. ಒಳ್ಳೆಯ ಬಾಡಿಗೆದಾರ ತಿಂಗಳಿಗೆ 200 ಕಡಿಮೆ ಕೊಟ್ಟರೂ ಉಳಿಸಿಕೊಳ್ಳಿ. ಅವನು ಹೋಗಿ 6,000 ಬಾಡಿಗೆಯ ಮನೆಗೆ ಒಂದೇ ತಿಂಗಳು ಬೀಗ ಬಿದ್ದರೆ, ಎರಡೂವರೆ ವರ್ಷದ ಆ 200 ಒಮ್ಮೆಗೇ ಹೋದ ಹಾಗೆ.