ಮೆಮರಿ ನಕಲು ಮಾಡುವಾಗ ಮೂರನೆಯ ಆರ್ಗ್ಯುಮೆಂಟ್ ಮೇಲೆ ಕಣ್ಣಿರಲಿ

1. ಸಿ ಭಾಷೆಯ ಮೆಮ್‌ಕಾಪಿಗೆ ನಾವು ಹೇಳುವುದು ಮೂರೇ ಸಂಗತಿ: ಎಲ್ಲಿಗೆ, ಎಲ್ಲಿಂದ, ಎಷ್ಟು ಬೈಟ್. ಕೋಡ್ ರಿವ್ಯೂ ಮಾಡುವಾಗ ನಾನು ಮೊದಲು ನೋಡುವುದು ಮೂರನೆಯದನ್ನು. ಜಾಗ ಸಾಲುತ್ತದೆಯೇ ಎಂದು ಆ ಫಂಕ್ಷನ್ ಕೇಳುವುದೇ ಇಲ್ಲ, ಹೇಳಿದಷ್ಟು ಬರೆದುಬಿಡುತ್ತದೆ.

2. ಹೊರಗಿನಿಂದ ಬಂದ ಉದ್ದವನ್ನು ನಂಬಬೇಡಿ. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಇದ್ದದ್ದು ಓಪನ್‌ಎಸ್‌ಎಸ್‌ಎಲ್‌ನ ಒಂದು ಮೆಮ್‌ಕಾಪಿಯ ಆಸುಪಾಸಿನಲ್ಲಿ. ಯಾರಾದರೂ ಒಂದೇ ಬೈಟ್ ಕಳಿಸಿ, ಕಳಿಸಿದ್ದು ಸುಮಾರು 64 ಕಿಲೋಬೈಟ್ ಎಂದರೆ ಸರ್ವರ್ ಅದನ್ನೇ ನಂಬಿ, ಪಕ್ಕದ ಮೆಮರಿಯನ್ನೂ ಬಾಚಿ ಉತ್ತರದಲ್ಲಿ ಕಳಿಸುತ್ತಿತ್ತು. ಪಾಸ್‌ವರ್ಡ್, ಖಾಸಗಿ ಕೀಲಿ, ಏನು ಬೇಕಾದರೂ ಅದರಲ್ಲಿ ಇರಬಹುದಿತ್ತು. ಹೇಳಿದ ಉದ್ದ ನಿಜವಾಗಿ ಬಂದದ್ದಕ್ಕಿಂತ ಹೆಚ್ಚಿದ್ದರೆ ಆ ಸಂದೇಶವನ್ನು ಕೈಬಿಡುವ ಒಂದು ಪರೀಕ್ಷೆ ಸಾಕಿತ್ತು.

3. ಫಂಕ್ಷನ್‌ಗೆ ಕಳಿಸಿದ ಅರೇಯ ಮೇಲೆ ಸೈಜ್‌ಆಫ್ ಬಳಸಬೇಡಿ. ಹತ್ತು ಇಂಟ್‌ಗಳ ಅರೇ ಸಾಮಾನ್ಯವಾಗಿ 40 ಬೈಟ್. ಫಂಕ್ಷನ್ ಒಳಗೆ ಅದು ಬರೀ ಪಾಯಿಂಟರ್, 64 ಬಿಟ್ ಯಂತ್ರದಲ್ಲಿ 8 ಬೈಟ್. ಆ ಸೈಜ್‌ಆಫ್ ಅನ್ನೇ ಮೆಮ್‌ಕಾಪಿಗೆ ಕೊಟ್ಟರೆ ನಕಲಾಗುವುದು ಮೊದಲ ಎರಡು ಸಂಖ್ಯೆ ಮಾತ್ರ. ಎರಡೇ ಅಂಶ ಇಟ್ಟು ಟೆಸ್ಟ್ ಮಾಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಅದೇ ಅಪಾಯ. ಅಂಶಗಳ ಸಂಖ್ಯೆಯನ್ನು ಜೊತೆಗೇ ಕಳಿಸಿ.

4. ಮೂಲವೂ ಗುರಿಯೂ ಒಂದರ ಮೇಲೊಂದು ಬೀಳುವಂತಿದ್ದರೆ ಮೆಮ್‌ಮೂವ್ ಬಳಸಿ. ಅರೇಯ ನಡುವಿನ ಒಂದು ಅಂಶ ತೆಗೆದು ಉಳಿದವನ್ನು ಹಿಂದಕ್ಕೆ ಸರಿಸುವುದು ಇಂಥದೇ ಕೆಲಸ. ‘ಮೆಮ್‌ಕಾಪಿ ಹಾಕಿದರೂ ನಡೆಯುತ್ತಿದೆಯಲ್ಲ’ ಎಂದು ವಾದಿಸುವವರಿಗೆ ನಾನು ಹೇಳುವುದು 2010ರ ಫೆಡೋರಾ 14ರ ಕಥೆ. ಗ್ಲಿಬ್‌ಸಿಯ ಹೊಸ ಮೆಮ್‌ಕಾಪಿ ಕೆಲವು ಪ್ರೊಸೆಸರ್‌ಗಳಲ್ಲಿ ಕೊನೆಯಿಂದ ಮೊದಲಿಗೆ ನಕಲಿಸತೊಡಗಿತು, ಅಡೋಬಿ ಫ್ಲ್ಯಾಶ್‌ನ ಧ್ವನಿ ಕೆಟ್ಟುಹೋಯಿತು. ಬಳಕೆದಾರರಿಗೆ ತೊಂದರೆಯಾಗಬಾರದೆಂದು ಲಿನಸ್ ಟೊರ್ವಾಲ್ಡ್ಸ್ ವಾದಿಸಿದರು. ಅವರ ಕಾಳಜಿ ನ್ಯಾಯವಾದದ್ದೇ. ಆದರೂ ಒಂದರ ಮೇಲೊಂದು ಬೀಳುವ ಜಾಗಕ್ಕೆ ಮೆಮ್‌ಕಾಪಿ ಬಳಸಿ ನಿಯಮ ಮುರಿದದ್ದು ಫ್ಲ್ಯಾಶ್‌ನ ಕೋಡ್.

5. ಸ್ಟ್ರಕ್ಟ್ ಒಳಗೆ ಪಾಯಿಂಟರ್ ಇದ್ದರೆ ನಕಲಾಗುವುದು ವಿಳಾಸ ಮಾತ್ರ. ಎರಡೂ ಕಡೆ ಫ್ರೀ ಮಾಡಿದರೆ ಪ್ರೋಗ್ರಾಂ ಕುಸಿಯಬಹುದು, ಇಲ್ಲವೇ ಸದ್ದಿಲ್ಲದೆ ಹೀಪ್ ಕೆಡಬಹುದು.

6. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಅಡ್ರೆಸ್ ಸ್ಯಾನಿಟೈಸರ್ ಇದೆ. ಬಫರ್ ಮೀರಿದ ನಕಲನ್ನೂ ಒಂದರ ಮೇಲೊಂದು ಬಿದ್ದ ಮೆಮ್‌ಕಾಪಿಯನ್ನೂ ಅದು ಸಾಲಿನ ಸಂಖ್ಯೆ ಸಮೇತ ತೋರಿಸಬಲ್ಲದು. ಪ್ರೋಗ್ರಾಂ ನಿಧಾನವಾಗುತ್ತದೆ, ಆಗಲಿ. ನಿಮ್ಮ ಟೆಸ್ಟ್ ಬಿಲ್ಡ್‌ನಲ್ಲಿ ಅದನ್ನು ಇವತ್ತೇ ಆನ್ ಮಾಡಿ.